ಇಪ್ಪತ್ತೊಂದು ‘ಇಲ್ಲ’

ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಂಡರಗಿ ಬಸ್ ನಿಲ್ದಾಣದ ಸಿಮೆಂಟಿನ ಬೆಂಚಿನ ಮೇಲೆ ಕೂತು ಈಶಪ್ಪ ಇಪ್ಪತ್ತೊಂದು ದಿನಗಳ ದಿನಚರಿಯನ್ನು ಬರೆದು ಮುಗಿಸಿದ. ಹದಿನಾಲ್ಕು ನಿಮಿಷ ಹಿಡಿಯಿತು. ಆಸ್ಪತ್ರೆಯವರು ಕೊಟ್ಟ ಹಳದಿ ರಟ್ಟಿನ ಪುಸ್ತಕದಲ್ಲಿ ದಿನಕ್ಕೊಂದು ಸಾಲು, ಸಾಲಿಗೆ ಐದು ಮನೆ: ಜ್ವರ, ಕೆಮ್ಮು, ಭೇದಿ, ಮೈತುರಿಕೆ, ಇತರೆ. ಮೊದಲ ಎಂಟು ದಿನ ನೀಲಿ ಪೆನ್ನಿನಲ್ಲಿ ‘ಇಲ್ಲ’ ಎಂದು ಬರೆದ. ಮುಂದಿನ ಐದು ದಿನ ಕಪ್ಪು ಪೆನ್ನು, ಆಮೇಲೆ ಮತ್ತೆ ನೀಲಿ. ಒಂಬತ್ತನೇ ದಿನದ ‘ಇತರೆ’ ಎಂಬಲ್ಲಿ ‘ಸ್ವಲ್ಪ ಸುಸ್ತು’ ಎಂದು ಸೇರಿಸಿದ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯನಾಗಿ ಅವನಿಗೆ ಗೊತ್ತಿತ್ತು, ಎಲ್ಲವೂ ಸರಿಯಾಗಿರುವ ವಹಿಯನ್ನು ತಪಾಸಣೆಗೆ ಬಂದವರು ಎರಡು ಸಲ ನೋಡುತ್ತಾರೆ. ಒಂದು ಸಣ್ಣ ಕೊರತೆ ಕಂಡರೆ ಒಂದೇ ಸಲಕ್ಕೆ ಸಹಿ ಹಾಕುತ್ತಾರೆ. ಬಿಸಿಯೂಟದ ರುಚಿ ನೋಡಿದ ವಹಿ, ಕಬ್ಬಿಣದ ಮಾತ್ರೆ ನುಂಗಿಸಿದ ವಹಿ, ಶೌಚಾಲಯ ಸ್ವಚ್ಛತೆಯ ವಹಿ, ಎಲ್ಲವನ್ನೂ ಅವನು ತಿಂಗಳ ಕೊನೆಯ ಶನಿವಾರ ಹೀಗೆಯೇ ಎರಡು ಪೆನ್ನು ಇಟ್ಟುಕೊಂಡು ಬರೆಯುತ್ತಿದ್ದ. ಕೈಗೆ ರೂಢಿಯಾದ ಕೆಲಸ. ಆದರೆ ಇವತ್ತು ಹದಿನೆಂಟನೇ ಸಾಲಿನ ಹತ್ತಿರ ಕೈ ಒಮ್ಮೆ ನಿಂತಿತು. ಬಸ್ಸು ಬಂತೇನೋ ಎಂದು ತಲೆಯೆತ್ತಿ ನೋಡಿದ. ಬಂದಿರಲಿಲ್ಲ.

ಪಕ್ಕದಲ್ಲಿ ಅಕ್ಕ ಫಕ್ಕೀರವ್ವ ಮಂಡಿ ಮಡಚಿ ಕೂತಿದ್ದಳು. ಅರವತ್ತೊಂದು ವರ್ಷ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಯಲ್ಲೇ ಇದ್ದವಳು. ಅವಳಿಗೆ ಓದು ಬರುತ್ತಿರಲಿಲ್ಲ. ತಮ್ಮನ ಪೆನ್ನು ಸಾಲಿನಿಂದ ಸಾಲಿಗೆ ಇಳಿಯುವುದನ್ನು ಅವಳು ಅಷ್ಟು ಹೊತ್ತೂ ನೋಡುತ್ತಿದ್ದಳು. ತನ್ನ ಬಗ್ಗೆ ಇಷ್ಟು ಬರೆಯುವುದಿದೆ ಎಂಬುದು ಅವಳಿಗೆ ಒಂದು ಥರ ಸಮಾಧಾನ ಕೊಟ್ಟಂತಿತ್ತು.

“ಎಲ್ಲಾ ಬರದಿ ಏನೋ ಈಶ್ಯಾ?”

“ಬರದೀನಿ ಅಕ್ಕಾ.”

“ಅನ್ನಪೂರ್ಣ ಹೇಳಿದ್ದೂ?”

“ಎಲ್ಲಾ.”

ಅನ್ನಪೂರ್ಣ ಹೇಳಿದ್ದು ಹನ್ನೊಂದು ದಿನದ ಹಿಂದೆ. ಅವನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಅವಳು ಅಡುಗೆಮನೆಯ ಬಾಗಿಲಿಗೆ ಬಂದು ದನಿ ತಗ್ಗಿಸಿ, “ಅಕ್ಕಾರು ಮುಂಜಾನಿಂದ ನಾಕ ಸಲ ಚರಗಿ ಹಿಡಕೊಂಡ ಹೊರಕಡಿಗೆ ಹೋಗ್ಯಾರ್ರಿ,” ಎಂದಿದ್ದಳು. ಹೆಂಡತಿಯ ಬಾಯಲ್ಲಿ ಆ ಮಾತು ಬಂದದ್ದೇ ಅವನಿಗೆ ಇರಿಸುಮುರಿಸಾಗಿತ್ತು. “ಕರೆಂಟಿನ ಕಾವು ಇನ್ನೂ ಮೈಯಾಗ ಐತಿ. ಮಜ್ಜಿಗಿ ಕೊಡು,” ಎಂದು ಹೇಳಿ ಹೊರಬಿದ್ದಿದ್ದ. ಆರು ಮತ್ತು ಏಳನೇ ತರಗತಿಗೆ ವಿಜ್ಞಾನ ಕಲಿಸುವವನು. ಕ್ಷಕಿರಣಕ್ಕೂ ಒಲೆಯ ಕಾವಿಗೂ ವ್ಯತ್ಯಾಸ ಗೊತ್ತಿಲ್ಲದವನಲ್ಲ. ಕ್ಷಕಿರಣ ಚಿಕಿತ್ಸೆಯನ್ನು ಊರಿನಲ್ಲಿ ಎಲ್ಲರೂ ಕರೆಂಟು ಕೊಡುವುದು ಎನ್ನುತ್ತಾರೆ, ಅವನೂ ಅಂದ. ಕರೆಂಟು ಎಂದ ಮೇಲೆ ಕಾವು, ಕಾವು ಎಂದ ಮೇಲೆ ಮಜ್ಜಿಗೆ. ಒಂದು ಮಾತಿನಿಂದ ಇನ್ನೊಂದಕ್ಕೆ ಎಷ್ಟು ಸಲೀಸಾಗಿ ಇಳಿದುಬಿಟ್ಟಿದ್ದ. ಕರೆಂಟು ಮುಗಿದು ಆಗಲೇ ಮೂರು ತಿಂಗಳಾಗಿತ್ತು. ಅದರಿಂದ ಹೊಟ್ಟೆ ಕೆಡುವುದಿದ್ದರೆ ಒಂದೆರಡು ತಿಂಗಳಲ್ಲಿ ಸರಿಹೋಗುತ್ತದೆ, ಆಮೇಲೆ ಹೊಸದಾಗಿ ಶುರುವಾದರೆ ಅದು ಮೂರು ವಾರಕ್ಕೊಮ್ಮೆ ಚುಚ್ಚುವ ಸೂಜಿಯ ತೊಂದರೆಯಿರಬಹುದು, ಅವತ್ತೇ ಫೋನು ಮಾಡಿ ಎಂದು ಹಳದಿ ಪುಸ್ತಕದ ಮೊದಲ ಪುಟದಲ್ಲೇ ಅಚ್ಚಾಗಿತ್ತು. ಅಕ್ಷರ ದಪ್ಪಗಿದ್ದವು. ಅವನು ಓದಿದ್ದ.

ಬಸ್ಸು ಆರು ನಲವತ್ತಕ್ಕೆ ಬಿಟ್ಟಿತು. ಅಕ್ಕನನ್ನು ಕಿಟಕಿಯ ಹತ್ತಿರ ಕೂರಿಸಿ ತಾನು ಹೊರಬದಿಗೆ ಕೂತ. ಬಲಗಡೆಯ ಸೀಟಿನಲ್ಲಿ ಒಬ್ಬ ಮುದುಕ ಕೂತಿದ್ದ, ಶಿರಹಟ್ಟಿಗೆ ಮಗಳ ಮನೆಗೆ ಹೊರಟವನಂತೆ. ಕೂತ ಕೂಡಲೇ ತನ್ನ ಹೆಸರು ಮಹಬೂಬಸಾಬ ಎಂದೂ, ಮಗಳಿಗೆ ನಾಲ್ಕನೆಯದೂ ಹೆಣ್ಣೇ ಎಂದೂ, ಅಳಿಯ ಮಾತು ಬಿಟ್ಟಿದ್ದಾನೆಂದೂ ಹೇಳಿದ. ಈಶಪ್ಪ ಹೂಂಗುಟ್ಟಿದ. ಕಪ್ಪತಗುಡ್ಡದ ಮೇಲಿನ ಗಾಳಿಯಂತ್ರಗಳು ಕೆಲವು ತಿರುಗುತ್ತಿದ್ದವು, ಕೆಲವು ನಿಂತಿದ್ದವು. ಮೊದಲ ಸಲ ಇದೇ ದಾರಿಯಲ್ಲಿ ಹೋದಾಗ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ವೈದ್ಯರು ಹೇಳುವಾಗ ಅವನು ಗೋಡೆಯ ಮೇಲಿದ್ದ ಗಡಿಯಾರ ನೋಡುತ್ತಿದ್ದ. ಡಾಕ್ಟರ್ ನಂದೀಶ ಮೈಸೂರು ಕಡೆಯವರು, ಮಾತು ಪುಸ್ತಕದ ಹಾಗೆ. ಕಾಗದದ ಮೇಲೆ ಒಂದು ಗುಂಡನೆಯ ಗಡ್ಡೆ ಬರೆದು ಅದಕ್ಕೆ ಬಾಣ ಬಿಟ್ಟು ವಿವರಿಸಿದ್ದರು. ಕ್ಷಕಿರಣ ಗಡ್ಡೆಯನ್ನು ಒಡೆಯುತ್ತದೆ. ಒಡೆದ ಚೂರುಗಳಿಂದ ಕಳ್ಳನ ಗುರುತು ಮೈಯೊಳಗಿನ ಕಾವಲುಗಾರರಿಗೆ ಸಿಗುತ್ತದೆ. ಆದರೆ ಗಡ್ಡೆ ಆ ಕಾವಲುಗಾರರ ಕೈ ಕಟ್ಟಿಹಾಕಿರುತ್ತದೆ. ಮೂರು ವಾರಕ್ಕೊಮ್ಮೆ ಕೊಡುವ ಸೂಜಿ ಆ ಕಟ್ಟನ್ನು ಬಿಚ್ಚುತ್ತದೆ. ಎರಡನ್ನೂ ಸೇರಿಸಿ ಕೊಟ್ಟರೆ ಎಷ್ಟು ಗುಣ, ಎಷ್ಟು ತೊಂದರೆ ಎಂದು ನೋಡುವ ಅಧ್ಯಯನ ಇದು, ಒಪ್ಪಿದರೆ ಸೇರಬಹುದು, ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ. ಅಕ್ಕ ಎಲ್ಲ ಕೇಳಿ, “ಪೊಲೀಸರ ಕೈಯಾಗ ಬಡಿಗಿ ಕೊಟ್ಟಂಗಾತು ಬಿಡ್ರಿ. ಕಳ್ಳರು ಸಿಗಲಿಲ್ಲಂದ್ರ ಅವರು ಯಾರಿಗಿ ಬಡೀತಾರ?” ಎಂದು ಕೇಳಿದ್ದಳು. ಡಾಕ್ಟರ್ ನಗುತ್ತಾ ಕುರ್ಚಿಗೆ ಒರಗಿದ್ದರು. “ಸರಿಯಾಗಿ ಹೇಳಿದಿರಮ್ಮ. ಮನೆಯವರಿಗೇ ಬಡಿಯುತ್ತಾರೆ. ಕರುಳಿಗೆ, ಪುಪ್ಪುಸಕ್ಕೆ. ಅದಕ್ಕೇ ದಿನಾ ಬರೆದಿಡಬೇಕು.” ಆಗಲೇ ನೂರೀನ, ಅಧ್ಯಯನದ ಕಾಗದಪತ್ರ ನೋಡಿಕೊಳ್ಳುವ ಹುಡುಗಿ, ಹಳದಿ ಪುಸ್ತಕ ಕೊಟ್ಟು, “ಮಾಸ್ತರ ಇದ್ದೀರಲ್ರಿ ಸರ್, ನೀವ ಬರೀರಿ,” ಎಂದಿದ್ದಳು. ಮನೆಯಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹೆಂಡತಿ ಇದ್ದಾಳೆ ಎಂದು ಅವನು ಹೇಳಲಿಲ್ಲ. ಮಾಸ್ತರು ಎಂದದ್ದು ಹಿಡಿಸಿತ್ತು.

ಮೊದಲ ದಿನ ಸಂಜೆ ಕೇಳಲು ಹೋಗಿದ್ದ. ಪುಸ್ತಕದಲ್ಲಿ ‘ಭೇದಿ (ಎಷ್ಟು ಸಲ)’ ಎಂದಿತ್ತು. ಆ ಪದವನ್ನು ಅಕ್ಕನ ಎದುರು ಆಡಲಾಗದೆ, “ಹೊಟ್ಟಿ ಹೆಂಗೈತಿ ಅಕ್ಕಾ?” ಎಂದಿದ್ದ. “ಹೊಟ್ಟಿ ಇದ್ದಲ್ಲೇ ಐತಿ,” ಎಂದು ಅಕ್ಕ ನಕ್ಕಿದ್ದಳು. ಅವನೂ ನಕ್ಕು ಎದ್ದಿದ್ದ. ಮತ್ತೆ ಕೇಳಲಿಲ್ಲ. ಮೊದಲ ಆರು ಸೂಜಿಗಳವರೆಗೆ ಹೇಳುವಂಥದ್ದು ಏನೂ ಇರಲಿಲ್ಲ. ಬಸ್ ನಿಲ್ದಾಣದಲ್ಲಿ ಬರೆದ ಸುಳ್ಳು ಪ್ರತಿ ಸಲವೂ ತಾನಾಗಿಯೇ ನಿಜವಾಗಿತ್ತು.

ಡಂಬಳಕ್ಕೆ ಇನ್ನೂ ಎರಡು ಮೂರು ಕಿಲೋಮೀಟರು ಇರುವಾಗ ಅಕ್ಕ ಅವನ ಮೊಣಕೈ ಹಿಡಿದಳು. ಹಿಡಿತ ಬಿಗಿಯಾಗಿತ್ತು. “ಗಾಡಿ ನಿಂದರಸಾಕ ಹೇಳೋ ತಮ್ಮಾ.” ಅವನು ಕೇಳಿಸದವನಂತೆ, “ಡಂಬಳ ಬಂತಕ್ಕಾ, ಐದ ನಿಮಿಷ,” ಎಂದ. “ಐದ ನಿಮಿಷಿಲ್ಲೋ,” ಎಂದಳು. ಅವನು ಎದ್ದು ಕಂಡಕ್ಟರನ ಹತ್ತಿರ ಹೋದ. “ಇಲ್ಲಿ ಸ್ಟಾಪಿಲ್ಲರಿ,” ಎಂದ ಕಂಡಕ್ಟರ್, ಆಮೇಲೆ ಹೆಂಗಸಿನ ಮುಖ ನೋಡಿ ಸೀಟಿ ಊದಿದ. ಫಕ್ಕೀರವ್ವ ನೀರಿನ ಬಾಟಲಿ ಹಿಡಿದು ಇಳಿದು ರಸ್ತೆಯಂಚಿನ ಜಾಲಿಕಂಟಿಯ ಮರೆಗೆ ಹೋದಳು. ಕಂಟಿ ಎತ್ತರವಿರಲಿಲ್ಲ. ಬಸ್ಸಿನ ಎಡಬದಿಯ ಕಿಟಕಿಗಳಲ್ಲಿದ್ದವರಲ್ಲಿ ಅರ್ಧ ಜನ ಮುಖ ತಿರುಗಿಸಿದರು, ಅರ್ಧ ಜನ ತಿರುಗಿಸಲಿಲ್ಲ. ಈಶಪ್ಪ ಮೊಬೈಲು ತೆಗೆದು ಅದರಲ್ಲಿ ಏನೋ ಓದುತ್ತಿರುವಂತೆ ನಿಂತ.

“ಯಾಕ್ರಿ, ಏನಾತು ಅಕ್ಕಾರಿಗಿ?” ಮಹಬೂಬಸಾಬ ಕೇಳಿದ.

“ವಾಂತಿ,” ಎಂದ ಈಶಪ್ಪ. “ಬಸ್ಸು ಹಿಡಸಂಗಿಲ್ಲ ಆಕಿಗಿ.”

ಯೋಚಿಸದೆ ಬಂದ ಮಾತು. ವಾಂತಿ ಎಂದರೆ ಮರ್ಯಾದೆಯ ಕಾಯಿಲೆ. ನಾಲ್ಕು ನಿಮಿಷವಾಯಿತು. ಹಿಂದಿನಿಂದ ಯಾರೋ, “ಮನಿ ಕಟ್ಟಾಕ ಹತ್ತ್ಯಾರೇನ್ರಿ ಅಲ್ಲಿ?” ಎಂದರು. ಇಬ್ಬರು ಮೂವರು ನಕ್ಕರು. ಈಶಪ್ಪನೂ ಬಾಯಿಯ ಒಂದು ಕೊನೆಯಿಂದ ನಕ್ಕ. ನಕ್ಕದ್ದು ಗೊತ್ತಾದ ಮೇಲೆ ಮುಖ ಸರಿಮಾಡಿಕೊಂಡ. ಅಕ್ಕ ಹತ್ತಿ ಬಂದಳು. ಹಣೆಯ ಮೇಲೆ ಬೆವರು. ಸೀರೆಯ ಅಂಚು ಒದ್ದೆ. ಮಹಬೂಬಸಾಬ ಕೈಚೀಲ ತಡಕಾಡಿ ಒಂದು ಲಿಂಬೆಹಣ್ಣು ತೆಗೆದು ಈಶಪ್ಪನ ಮೇಲಿಂದ ಕೈ ಚಾಚಿದ. “ತೊಗೋರಿ ಅಕ್ಕಾ, ಮೂಸಿ ನೋಡಕೋತ ಇರ್ರಿ. ವಾಂತಿ ಗಪ್ಪನ ನಿಲ್ತೈತಿ.” ಫಕ್ಕೀರವ್ವ ಲಿಂಬೆಹಣ್ಣನ್ನು ನೋಡಿದಳು, ತಮ್ಮನನ್ನು ನೋಡಿದಳು. ಆಮೇಲೆ ಹಣ್ಣನ್ನು ತೆಗೆದುಕೊಂಡು ಮೂಗಿಗೆ ಹಿಡಿದಳು. ಗದಗ ಬರುವವರೆಗೂ ಹಿಡಿದೇ ಇದ್ದಳು. ಮುದುಕ ಎರಡು ಸಲ, “ಈಗ ಆರಾಮ್ರೀ?” ಎಂದು ಕೇಳಿದ. ಎರಡು ಸಲವೂ ಅವಳು, “ಹೂನ್ರೀ ಅಪ್ಪಾ, ಆರಾಮ,” ಎಂದಳು.

ಆಸ್ಪತ್ರೆಯಲ್ಲಿ ಒಂಬತ್ತೂವರೆಗೆ ತೂಕ ನೋಡಿದರು, ರಕ್ತ ತೆಗೆದುಕೊಂಡರು. ಹನ್ನೊಂದಕ್ಕೆ ಡಾಕ್ಟರ್ ನಂದೀಶ ಕರೆದರು. ಸ್ಕ್ಯಾನಿನಲ್ಲಿ ಗಡ್ಡೆ ಇದ್ದ ಜಾಗದಲ್ಲಿ ಈಗ ಏನೂ ಕಾಣುತ್ತಿಲ್ಲ ಎಂದು ಹೋದ ತಿಂಗಳು ಹೇಳಿದ್ದ ಮನುಷ್ಯ. ಆವತ್ತು ಅಕ್ಕ ಅವರ ಮೇಜನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಿದ್ದಳು.

“ಹೊಟ್ಟೆ ಹೇಗಿದೆಯಮ್ಮ? ದಿನಕ್ಕೆ ಎಷ್ಟು ಸಲ ಹೋಗುತ್ತೀರಿ?”

ಫಕ್ಕೀರವ್ವ ಸೆರಗನ್ನು ಹಣೆಗೆ ಎಳೆದುಕೊಂಡಳು. ನೆಲ ನೋಡಿದಳು. “ತಮ್ಮ ಎಲ್ಲಾ ಬರದಾನ್ರಿ,” ಎಂದಳು.

ಈಶಪ್ಪನಿಗೆ ಅವಳ ಮಾತು ಆಗ ಅರ್ಥವಾಯಿತು. ಬೆಳಿಗ್ಗೆ ಅವಳು ಕೇಳಿದ್ದು ಸುಮ್ಮನೆ ಕೇಳಿದ್ದಲ್ಲ. ಪರಗಂಡಸಿನ ಮುಂದೆ ತಾನು ಬಾಯಿಬಿಟ್ಟು ಹೇಳಬೇಕಾಗಿಲ್ಲ, ಕಾಗದ ಹೇಳುತ್ತದೆ ಎಂದು ಅವಳು ಇಪ್ಪತ್ತೊಂದು ಸಾಲುಗಳ ಮೇಲೆ ಭಾರ ಹಾಕಿ ಕೂತಿದ್ದಳು. ಡಾಕ್ಟರ್ ಪುಟ ತಿರುವಿದರು. “ಜ್ವರ ಇಲ್ಲ, ಭೇದಿ ಇಲ್ಲ. ಒಂಬತ್ತನೇ ದಿನ ಸ್ವಲ್ಪ ಸುಸ್ತು. ಅಷ್ಟೇನಾ ಸರ್?”

“ಅಷ್ಟರಿ.”

“ತೂಕ ಮೂರು ಕಿಲೋ ಕಡಿಮೆಯಾಗಿದೆಯಲ್ಲ?”

“ಊಟ ಸೇರವಲ್ದರಿ ಆಕಿಗಿ. ಬಿಸಲು ನೋಡ್ರಿ.”

ಬಿಸಿಲು ಎಂದು ಯಾಕೆ ಸೇರಿಸಿದೆ ಎಂದು ಯೋಚಿಸುತ್ತಾ ಅವನು ಹೊರಗೆ ಬಂದ. ಅದೂ ವಹಿಯ ಬುದ್ಧಿಯೇ. ಕಾರಣವೊಂದನ್ನು ಕೇಳುವ ಮೊದಲೇ ಕೊಡುವುದು. ಡಾಕ್ಟರ್ ಸೂಜಿಗೆ ಸಹಿ ಹಾಕಿದ್ದರು. ಶಾಲೆಯ ಶೌಚಾಲಯದ ವಹಿ ನೆನಪಿಗೆ ಬಂತು. ಎರಡು ವರ್ಷದಿಂದ ಹೆಣ್ಣುಮಕ್ಕಳದಕ್ಕೆ ನೀರು ಬರುತ್ತಿರಲಿಲ್ಲ, ಮುರಿದ ಬೆಂಚು ತುಂಬಿ ಬೀಗ ಹಾಕಿತ್ತು. ವಹಿಯಲ್ಲಿ ದಿನವೂ ‘ಸ್ವಚ್ಛವಾಗಿದೆ’. ಏಳನೇ ತರಗತಿಯ ಹುಡುಗಿಯರು ಮಧ್ಯಾಹ್ನದ ಬಿಡುವಿನಲ್ಲಿ ಗುಂಪಾಗಿ ಎಲ್ಲಿಗೋ ಹೋಗಿ ಬರುತ್ತಿದ್ದರು. ತಡವಾಗಿ ಬಂದವರನ್ನು ಅವನು ಹೊರಗೆ ನಿಲ್ಲಿಸುತ್ತಿದ್ದ. ಒಬ್ಬಳೂ ಎಲ್ಲಿಗೆ ಹೋಗಿದ್ದೆವು ಎಂದು ಹೇಳುತ್ತಿರಲಿಲ್ಲ. ನೆಲ ನೋಡುತ್ತಿದ್ದರು.

ಸೂಜಿ ಕೊಡುವ ಕೋಣೆಯಲ್ಲಿ ಆರು ಮಂಚ, ನಡುವೆ ಹಸಿರು ಪರದೆ. ಅಕ್ಕನನ್ನು ಮೂರನೆಯದರಲ್ಲಿ ಮಲಗಿಸಿ ಕೈಗೆ ಸೂಜಿ ಚುಚ್ಚಿ ಸಲಾಯಿನ್ ಹಚ್ಚಿದರು. ಔಷಧಿ ಕೆಳಗಿನಿಂದ ತಯಾರಾಗಿ ಬರಲು ಅರ್ಧ ಗಂಟೆ. ಪಕ್ಕದ ಮಂಚದಲ್ಲಿ ಲಕ್ಷ್ಮೇಶ್ವರದ ಹಸೀನಾಬಿ, ಇದೇ ಅಧ್ಯಯನದವಳು. ಅವಳ ಮಗ ಮೊಹಸಿನ ಬೈಕು ರಿಪೇರಿ ಮಾಡುವವನು, ಉಗುರಿನ ಸಂದಿಯಲ್ಲಿ ಗ್ರೀಸು. ನೂರೀನ ಅವನ ಹಳದಿ ಪುಸ್ತಕ ತೆರೆದು ಹುಬ್ಬು ಗಂಟಿಕ್ಕಿದಳು.

“ಏನಣ್ಣಾ ಇದು? ಆಯಿಲ್ ಬಿದ್ದೈತಿ, ಇಲ್ಲಿ ಹೊಡದ ಹಾಕೀರಿ, ಇಲ್ಲಿ ತಾರೀಖ ಇಲ್ಲ. ನೋಡ್ರಿ ಈ ಸರ್ ಬರದಿದ್ದ. ಒಂದ ತಪ್ಪಿಲ್ಲ. ಹಿಂಗ ಬರೀಬೇಕ.”

ಅವಳು ಈಶಪ್ಪನ ಪುಸ್ತಕವನ್ನು ತೆರೆದು ಮೊಹಸಿನನ ಮುಂದೆ ಹಿಡಿದಳು. ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮುಟ್ಟದೆ, ಬಗ್ಗಿ ನೋಡಿದ. “ಅಬಬಾ. ಮುದ್ರಣ ಮಾಡಿಸಿದಂಗೈತಿ. ನಮ್ದು ಕಾಗಿಕಾಲು ಗುಬ್ಬಿಕಾಲು ಸರ್. ರಾತ್ರಿ ಅಂಗಡಿ ಮುಚ್ಚಿ ಬಂದು ಅಮ್ಮೀನ ಎಬ್ಬಿಸಿ ಕೇಳಿ ಬರ್ಯೋದು. ಬೈತಾಳ ನನಗ.”

ಪರದೆಯ ಆಚೆಯಿಂದ ಹಸೀನಾಬಿ, “ಮತ್ತ ಬೈಯ್ಯದ ಏನು? ಕಣ್ಣಿಗೆ ನಿದ್ದಿ ಹತ್ತಿರತೈತಿ, ಎಷ್ಟ ಸಲ ಹೋದಿ, ಎಷ್ಟ ಸಲ ಹೋದಿ ಅಂತಾನ. ನಾಚಿಕಿ ಇಲ್ಲದಂವ!” ಎಂದಳು.

“ಬೈದ್ರ ಬೈಲಿ ಬಿಡ್ರಿ ಸರ್,” ಎಂದ ಮೊಹಸಿನ. “ಹೋದ ತಿಂಗಳ ಆರು ಸಲ ಅಂತ ಬರದೆ. ಅವತ್ತ ಫೋನ್ ಮಾಡಿದ್ವಿ. ಸೂಜಿ ನಿಲ್ಲಿಸಿ ಗುಳಿಗಿ ಕೊಟ್ರು. ಜಲ್ದಿ ಹೇಳಿದ್ದಕ್ಕ ಗುಳಿಗ್ಯಾಗ ಮುಗೀತು, ತಡಾ ಆಗಿದ್ರ ಕರಳು ತೂತು ಬೀಳತಿತ್ತಂತ. ಈಗ ಮತ್ತ ಸೂಜಿ ಶುರು ಮಾಡ್ಯಾರ.”

ಈಶಪ್ಪ ಕೂತಲ್ಲೇ ಕೂತಿದ್ದ. ಎದ್ದು ಹೇಳಬೇಕಾದದ್ದು ಒಂದೇ ವಾಕ್ಯ. ಹನ್ನೊಂದು ದಿನದಿಂದ ಭೇದಿ ಇದೆ, ನಾನು ಬರೆಯಲಿಲ್ಲ. ಕನ್ನಡದಲ್ಲಿ ಆರು ಪದ. ಅದನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿ ನೋಡಿದ. ಎರಡನೇ ಅರ್ಧಕ್ಕೆ ಬಂದಾಗ ಎರಡು ಸಲವೂ ನೂರೀನಳ ಮುಖ ಕಂಡಿತು, ಮೊಹಸಿನನ ಗ್ರೀಸು ಹತ್ತಿದ ಕೈ ಕಂಡಿತು. ಇವತ್ತು ಒಂದು ದಿನ ಕೊಟ್ಟುಬಿಡಲಿ, ನಾಳೆ ಫೋನಿನಲ್ಲಿ ಹೇಳಿದರಾಯಿತು ಎಂದುಕೊಂಡ. ಎಂದುಕೊಂಡದ್ದನ್ನು ಕೇಳಿಸಿಕೊಂಡು ಅವನು ತಿರುಗಿ ನೋಡಿದ. ಪರದೆಯ ಸಂದಿಯಿಂದ ಅಕ್ಕನ ಪಾದ ಕಾಣುತ್ತಿತ್ತು. ಒಡೆದ ಹಿಮ್ಮಡಿ, ಒಂದು ಕಾಲ ಬೆರಳಿನಲ್ಲಿ ಜಾಲಿಮುಳ್ಳು ಗೀರಿದ ಹೊಸ ಗೆರೆ. ನರ್ಸ್ ಟ್ರೇಯಲ್ಲಿ ಔಷಧಿಯ ಸಣ್ಣ ಚೀಲ ಹಿಡಿದು ಬಂದಳು, ಅಕ್ಕನ ಹೆಸರು ಕೇಳಿದಳು, ಚೀಲವನ್ನು ಕಂಬಕ್ಕೆ ತೂಗುಹಾಕಿದಳು. ಈಶಪ್ಪ ಎದ್ದು ನೂರೀನಳ ಹತ್ತಿರ ಹೋದ.

“ಸ್ವಲ್ಪ… ನಿನ್ನೆಯಿಂದ ಆಕಿಗೆ ಹೊಟ್ಟಿ ಸರಿಯಿಲ್ಲಂತ.”

“ನಿನ್ನೆಯಿಂದ? ಎಷ್ಟು ಸಲ ಸರ್?”

“ಎರಡು ಮೂರು ಇರಬೇಕು.”

ಹೇಳಿದ ಮೇಲೆ ಅವನಿಗೆ ಒಂದು ಕ್ಷಣ ಹಗುರವಾಯಿತು. ಇಪ್ಪತ್ತೊಂದು ಸಾಲಿನಲ್ಲಿ ಒಂದು ಸಾಲು ಮಾತ್ರ ಕೆಡುತ್ತದೆ, ಅದೂ ಕೊನೆಯದು. ನೂರೀನ ನರ್ಸಿಗೆ ಕೈಯಿಂದ ತಡೆ ಎಂದು ತೋರಿಸಿ ಪರದೆಯೊಳಗೆ ಹೋದಳು. ಪರದೆ ಬಟ್ಟೆಯದು. ಎಲ್ಲವೂ ಕೇಳಿಸುತ್ತಿತ್ತು.

“ಅಮ್ಮಾ, ನಿನ್ನೆಯಿಂದ ಹೊಟ್ಟಿ ಕೆಟ್ಟೈತೇನ್ರಿ?”

“ನಿನ್ನಿಂದೆಲ್ಲಿ ಯವ್ವಾ.” ಅಕ್ಕನ ದನಿಯಲ್ಲಿ ಆಶ್ಚರ್ಯವಿತ್ತು, ದೂರು ಇರಲಿಲ್ಲ. “ಹನ್ನೊಂದ ದಿನಾ ಆತಲ್ಲ. ಮೊದಲ ನಾಕ ಸಲ ಇತ್ತು. ಈಗ ಎಂಟು, ಒಂಬತ್ತು. ನಿನ್ನೆ ಲೋಳಿ ಗತೆ ಹೋಗೇತಿ, ಸ್ವಲ್ಪ ರಕ್ತನೂ ಬಿದ್ದೈತಿ. ಬರದಿಲ್ಲೇನು ತಮ್ಮ?”

ನೂರೀನ ಪುಸ್ತಕದ ಪುಟ ತಿರುವುವ ಸದ್ದು ಕೇಳಿಸಿತು.

ಅಕ್ಕ ಮತ್ತೆ ಮಾತಾಡಿದಳು. ಈ ಸಲ ದನಿ ಬೇರೆಯಾಗಿತ್ತು, ಮನೆಗೆ ಬಂದ ಅತಿಥಿಗಳ ಮುಂದೆ ಮಾತಾಡುವಂತೆ. “ಅಂವಗ ಸಾಲಿ ಕೆಲಸ ಭಾಳವ್ವಾ. ನಾನ ಹೇಳಿರಲಿಕ್ಕಿಲ್ಲ. ಹೇಳಾಕ ನಾಚಿಕಿ ಬರ್ತೈತಿ ನೋಡು, ತಮ್ಮ ಅಂದ್ರೂ ಗಂಡಸ ಅಲ್ಲೇನು? ಅಂವಂದೇನ ತಪ್ಪಿಲ್ಲ.”

ಮೊಹಸಿನ ತನ್ನ ಪುಸ್ತಕವನ್ನು ಮುಚ್ಚಿ ಕಿಟಕಿಯ ಕಡೆಗೆ ತಿರುಗಿದ. ಈಶಪ್ಪನ ಮುಖ ನೋಡಬಾರದೆಂದು ತಿರುಗಿದ್ದು ಸ್ಪಷ್ಟವಾಗಿತ್ತು. ಬಸ್ಸಿನಲ್ಲಿ ಅರ್ಧ ಜನ ಹೀಗೇ ತಿರುಗಿದ್ದರು.

ಡಾಕ್ಟರ್ ನಂದೀಶ ಐದು ನಿಮಿಷದಲ್ಲಿ ಬಂದರು. ಅಕ್ಕನ ಹೊಟ್ಟೆ ಒತ್ತಿ ನೋಡಿದರು. ಔಷಧಿಯ ಚೀಲವನ್ನು ಕಂಬದಿಂದ ಇಳಿಸಿದರು. ಹೊರಗೆ ಬಂದು ಈಶಪ್ಪನಿಗೆ ಬೈಯಲಿಲ್ಲ. ವಾರ್ಡಿಗೆ ದಾಖಲು ಮಾಡಬೇಕು, ಕರುಳಿನ ಪರೀಕ್ಷೆ ಮಾಡಬೇಕು, ಸ್ಟೀರಾಯ್ಡ್ ಇವತ್ತೇ ಶುರು ಎಂದರು. ಹನ್ನೊಂದು ದಿನ ಎಂಬ ಮಾತನ್ನು ಅವರು ಎರಡು ಸಲ ಹೇಳಿದರು, ಎರಡು ಸಲವೂ ಫೈಲಿಗೆ. ಬೈದಿದ್ದರೆ ಉತ್ತರ ಕೊಡಲು ಅವನು ಕರೆಂಟಿನ ಕಾವಿನ ವಿಷಯವನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡಿದ್ದ. ಅದು ಹಾಗೇ ಉಳಿಯಿತು.

ಆಮೇಲೆ ನೂರೀನ ಹಳದಿ ಪುಸ್ತಕ ತಂದು ಮೇಜಿನ ಮೇಲಿಟ್ಟಳು. ಈಗ ಅವಳು ಸರ್ ಎನ್ನಲಿಲ್ಲ, ತಿದ್ದುವ ನಿಯಮ ಮಾತ್ರ ಹೇಳಿದಳು. ಅಧ್ಯಯನದ ಕಾಗದದಲ್ಲಿ ಪುಟ ಹರಿಯುವಂತಿಲ್ಲ, ಬಿಳಿ ಬಣ್ಣ ಹಚ್ಚುವಂತಿಲ್ಲ, ಮೇಲೆ ತಿದ್ದುವಂತಿಲ್ಲ. ತಪ್ಪು ಬರೆದಿದ್ದರ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದಲು ಬರಬೇಕು. ಪಕ್ಕದಲ್ಲಿ ಗೊತ್ತಿರುವುದನ್ನು ಬರೆದು, ಇವತ್ತಿನ ತಾರೀಖು ಹಾಕಿ ಸಹಿ ಮಾಡಬೇಕು. ಗೊತ್ತಿಲ್ಲದ ಕಡೆ ‘ಕೇಳಿಲ್ಲ’ ಎಂದು ಬರೆಯಬೇಕು.

“ಹನ್ನೊಂದ ದಿನದ್ದಷ್ಟನ?” ಎಂದ ಈಶಪ್ಪ.

“ಉಳದ ಹತ್ತು ದಿನಾ ಕೇಳಿ ಬರದಿದ್ರೇನು?”

ಅವನು ಕಪ್ಪು ಪೆನ್ನು ತೆಗೆದು, ಆಮೇಲೆ ಅದನ್ನಿಟ್ಟು ನೀಲಿ ತೆಗೆದ. ಮೊದಲ ಸಾಲಿನ ‘ಇಲ್ಲ’ದ ಮೇಲೆ ಗೆರೆ ಎಳೆದು ‘ಕೇಳಿಲ್ಲ’ ಎಂದು ಬರೆದ. ಅಕ್ಷರ ಈಗಲೂ ಗುಂಡಾಗಿಯೇ ಬಂತು. ಅವನು ಬೇಕೆಂದೇ ಸ್ವಲ್ಪ ಸೊಟ್ಟ ಬರೆಯಲು ನೋಡಿದ, ಆಗಲಿಲ್ಲ. ಒಂಬತ್ತನೇ ದಿನಕ್ಕೆ ಬಂದಾಗ ‘ಸ್ವಲ್ಪ ಸುಸ್ತು’ ಎಂಬುದನ್ನೂ ಹೊಡೆಯಬೇಕೇ ಎಂದು ನೂರೀನಳನ್ನು ಕೇಳಿದ. “ಸುಸ್ತು ಇತ್ತೇನ್ರಿ ಅವತ್ತ?” ಎಂದಳು ಅವಳು. ಅವನಿಗೆ ಗೊತ್ತಿರಲಿಲ್ಲ. ಇದ್ದಿರಲೂಬಹುದಿತ್ತು. ಹೊಡೆದ. ಗಾಲಿಕುರ್ಚಿಯಲ್ಲಿ ಕೂರಿಸಿ ಅಕ್ಕನನ್ನು ವಾರ್ಡಿಗೆ ಒಯ್ಯುವಾಗ ಅವನು ಹದಿನಾರನೇ ಸಾಲಿನಲ್ಲಿದ್ದ. ಅವಳು ಕುರ್ಚಿ ನಿಲ್ಲಿಸಿ, “ಸಾವಕಾಶ ಬರಿಯೋ ಈಶ್ಯಾ. ಉಣ್ಣೋದ ಮರೀಬ್ಯಾಡ,” ಎಂದಳು. ಅವನು ತಲೆಯೆತ್ತಲಿಲ್ಲ.

ಎರಡು ಗಂಟೆ ಹತ್ತು ನಿಮಿಷಕ್ಕೆ ಅವನು ಕೊನೆಯ ಸಹಿ ಮಾಡಿದ. ನಾಲ್ಕು ಗಂಟೆಗೆ ಫಕ್ಕೀರವ್ವನಿಗೆ ಸ್ಟೀರಾಯ್ಡಿನ ಮೊದಲ ಇಂಜೆಕ್ಷನ್ ಕೊಟ್ಟರು. ಅದಾದ ಒಂಬತ್ತನೇ ದಿನ ಭೇದಿ ನಿಂತಿತು. ಅಧ್ಯಯನದ ಸೂಜಿಯನ್ನು ಮತ್ತೆ ಶುರು ಮಾಡಲಿಲ್ಲ.